ಗುಂಗುರು ಕೂದಲಿನವರು ಪಾರ್ಲರಿನಲ್ಲಿ ಏನು ಹೇಳಬೇಕು?

ಪ್ರತಿ ಸಲವೂ ಹೇಳಿದ್ದಕ್ಕಿಂತ ಗಿಡ್ಡ ಕೂದಲಿನೊಂದಿಗೆ ಪಾರ್ಲರಿನಿಂದ ಹೊರಬರುತ್ತೇನೆ, ಕತ್ತರಿ ಹಿಡಿದವರಿಗೆ ಅರ್ಥವಾಗುವಂತೆ ಹೇಳುವುದು ಹೇಗೆ, ಇಷ್ಟು ವರ್ಷಗಳಲ್ಲಿ ನಿಮ್ಮ ಕೇಶವಿನ್ಯಾಸ ಹೇಗೆಲ್ಲ ಬದಲಾಗಿದೆ ಎಂದು ಕೇಳಿದ್ದೀರಿ. ನನ್ನದೂ ಗುಂಗುರು ಕೂದಲೇ ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀರು ಸಿಂಪಡಿಸುವುದಕ್ಕೆ ಮುಂಚೆ, ಕೂದಲು ಒಣಗಿ ತನ್ನ ಸಹಜ ಸುರುಳಿಯಲ್ಲಿ ಇರುವಾಗಲೇ, ಅದು ಎಲ್ಲಿಯವರೆಗೆ ಉಳಿಯಬೇಕೆಂಬುದನ್ನು ಕನ್ನಡಿಯ ಮುಂದೆ ನಿಮ್ಮ ಕುತ್ತಿಗೆಯ ಮೇಲೋ ಭುಜದ ಮೇಲೋ ಬೆರಳಿಟ್ಟು ತೋರಿಸಿ. ಎಷ್ಟು ಕತ್ತರಿಸಬೇಕೆಂಬ ಮಾತನ್ನೇ ಎತ್ತಬೇಡಿ.

ಶಿವಮೊಗ್ಗದಲ್ಲಿ ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಇಂತಹ ಸಮಸ್ಯೆ ಇರಲಿಲ್ಲ. ಹೆಣ್ಣುಮಕ್ಕಳೆಲ್ಲ ಎರಡು ಜಡೆ ಹೆಣೆದು, ತುದಿಯನ್ನು ಮೇಲಕ್ಕೆ ಮಡಿಸಿ, ಕಿವಿಯ ಹಿಂದೆ ರಿಬ್ಬನ್ ಕಟ್ಟಿಕೊಂಡು ಬರಬೇಕೆಂಬುದು ನಿಯಮ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ, ಹುಬ್ಬು ಮೇಲಕ್ಕೇರುವಷ್ಟು ಬಿಗಿಯಾಗಿ ಹೆಣೆಯುತ್ತಿದ್ದರು; ನನ್ನ ಕೂದಲು ಗುಂಗುರೆಂಬುದು ಭಾನುವಾರ ಸೀಗೆಪುಡಿ ಹಾಕಿ ತಲೆಗೆ ಎರೆದುಕೊಂಡ ಮೇಲೆ ಒಂದೆರಡು ತಾಸು ಮಾತ್ರ ಕಾಣಿಸುತ್ತಿತ್ತು. ತುದಿ ಕತ್ತರಿಸುವ ಕೆಲಸ ಅಜ್ಜಿಯದು. ಮಂಗಳವಾರ, ಶುಕ್ರವಾರ ಮತ್ತು ದೀಪ ಹಚ್ಚಿದ ನಂತರ ಅವರು ಕತ್ತರಿಯನ್ನು ಮುಟ್ಟುತ್ತಿರಲಿಲ್ಲ, ಮುಟ್ಟಿದ ದಿನವೂ ಜಡೆಯ ಕೊನೆಯ ಕುಚ್ಚನ್ನಷ್ಟೇ ಸಮ ಮಾಡಿ ಬಿಡುತ್ತಿದ್ದರು.

ಕಾಲೇಜಿಗೆ ಸೇರಿದ ಮೇಲೆ ಮೊದಲ ಸಲ ಪಾರ್ಲರಿಗೆ ಹೋದೆ. ಮನೆಯ ಮುಂದಿನ ಕೋಣೆಯಲ್ಲೇ ನಡೆಯುತ್ತಿದ್ದ ಆ ಪಾರ್ಲರಿನ ಗೋಡೆಯ ಮೇಲೆ ಯು ಕಟ್, ವಿ ಕಟ್, ಸ್ಟೆಪ್ ಕಟ್, ಬಾಬ್ ಕಟ್ ಎಂದು ಚಿತ್ರಗಳಿದ್ದವು, ಮತ್ತು ಆ ಚಿತ್ರಗಳಲ್ಲಿದ್ದ ಎಲ್ಲರದೂ ನೇರ ಕೂದಲು. ಕೂದಲನ್ನು ಪೂರ್ತಿ ಒದ್ದೆ ಮಾಡಿ, ಬಾಚಿ ಎಳೆದು, ಬೆನ್ನಿನ ನಡುವಿಗೆ ಸರಿಯಾಗಿ ಅಂದವಾದ ಯು ಆಕಾರದಲ್ಲಿ ಅವರು ಕತ್ತರಿಸಿದರು. ಒಣಗಿದಾಗ ಅದು ಭುಜದ ಹತ್ತಿರಕ್ಕೆ ಏರಿ, ಬಿಚ್ಚಿದ ಕೊಡೆಯಂತೆ ಎರಡೂ ಬದಿಗೆ ಹರಡಿಕೊಂಡಿತು. ನಿಮಗೆ ಆಗುತ್ತಿರುವುದೂ ಇದೇ ಇರಬೇಕು. ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳ ನಡುವೆ ಇರುವ ಹೈಡ್ರೋಜನ್ ಬಂಧಗಳೆಂಬ ದುರ್ಬಲ ಕೊಂಡಿಗಳು ನೀರು ತಾಗಿದಾಗ ಸಡಿಲವಾಗುವುದರಿಂದ ಒದ್ದೆ ಸುರುಳಿ ಸುಲಭವಾಗಿ ನೀಳವಾಗುತ್ತದೆ, ಒಣಗುವಾಗ ಅವೇ ಬಂಧಗಳು ಮತ್ತೆ ಕೂಡಿಕೊಂಡು ಅದು ಕುಗ್ಗುತ್ತದೆ. ಕುಗ್ಗುವಿಕೆ ತಲೆಯ ತುಂಬ ಒಂದೇ ಪ್ರಮಾಣದಲ್ಲಿದ್ದರೆ ಲೆಕ್ಕ ಹಾಕಿ ಕತ್ತರಿಸಬಹುದಿತ್ತು. ಆದರೆ ನನಗೆ ನೆತ್ತಿಯ ಕೂದಲು ಬಿಗಿ ಸುರುಳಿ, ಕುತ್ತಿಗೆಯ ಬಳಿಯದು ಸಡಿಲ ಅಲೆ. ಹೀಗಿರುವಾಗ ಒದ್ದೆಯಲ್ಲಿ ಸಮನಾಗಿ ಕಂಡದ್ದು ಒಣಗಿದಾಗ ಸಮನಾಗಿರಲು ಸಾಧ್ಯವೇ ಇಲ್ಲ. ಆಕೆಯ ಕೈಯಲ್ಲಿ ಕಸುಬಿರಲಿಲ್ಲವೆಂದು ನಾನು ಹೇಳಲಾರೆ, ಆಕೆ ಕಲಿತದ್ದು ನೇರ ಕೂದಲಿನ ಮೇಲೆ, ಅಷ್ಟೇ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಸುತ್ತಮುತ್ತಲಿನವರೆಲ್ಲ ಸ್ಟ್ರೇಟ್ನಿಂಗ್ ಮಾಡಿಸುತ್ತಿದ್ದರು, ನಾನೂ ರೀಬಾಂಡಿಂಗ್ ಮಾಡಿಸಿದೆ. ಬೆಳಿಗ್ಗೆ ಬಾಚಿಕೊಂಡು ಹೊರಡುವ ಸುಖ ಏನೆಂಬುದು ಆಗ ತಿಳಿಯಿತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಬಿಸಿ ಇಸ್ತ್ರಿಯ ನೇರತನ ಮುಂದಿನ ಸ್ನಾನದವರೆಗೆ ಮಾತ್ರ. ರೀಬಾಂಡಿಂಗ್‌ನಲ್ಲಿ ರಾಸಾಯನಿಕದಿಂದ ಡೈಸಲ್ಫೈಡ್ ಬಂಧಗಳೆಂಬ ಗಟ್ಟಿ ಕೊಂಡಿಗಳನ್ನೇ ಮುರಿದು, ಕೂದಲನ್ನು ನೇರಗೊಳಿಸಿ, ಆ ರೂಪದಲ್ಲೇ ಮತ್ತೆ ಬೆಸೆಯುವುದರಿಂದ ಅದು ಮರಳಿ ಸುರುಳಿಯಾಗುವುದಿಲ್ಲ. ಬುಡದಿಂದ ಹೊಸದಾಗಿ ಬರುವ ಕೂದಲು ಮಾತ್ರ ಗುಂಗುರಾಗಿಯೇ ಬರುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಹಾಗಾಗಿ 30 ಸೆಂಟಿಮೀಟರ್ ನೇರ ಕೂದಲನ್ನು ಬೆಳೆಸಿ ಕಳೆಯಲು ಎರಡು ವರ್ಷಕ್ಕೂ ಹೆಚ್ಚು ಬೇಕು. ಕೆರಾಟಿನ್ ಟ್ರೀಟ್‌ಮೆಂಟ್ ಎಂಬ ಹೆಸರಿನ ಕೂದಲು ನಯಗೊಳಿಸುವ ಹಲವು ದ್ರಾವಣಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ಹೊರಬಿಡುತ್ತವೆ, ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವೇ ವರ್ಗೀಕರಿಸಿದೆ. ಮಾಡಿಸುವುದಾದರೆ ಬಾಟಲಿಯ ಮೇಲಿನ ಬರಹವನ್ನು ಕೇಳಿ ಓದಿ. ಕೋಣೆಗೆ ಕಿಟಕಿ ಇದೆಯೇ ಎಂದೂ ನೋಡಿ, ಏಕೆಂದರೆ ನಾವು ಒಂದು ದಿನ ಉಸಿರಾಡುವ ಆ ಹೊಗೆಯನ್ನು ಅಲ್ಲಿ ಕೆಲಸ ಮಾಡುವವರು ವರ್ಷವಿಡೀ ಉಸಿರಾಡುತ್ತಾರೆ.

ಮಗು ಹುಟ್ಟಿದ ಕೆಲವು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಉದುರತೊಡಗಿತು. ಬಾಣಂತಿಯರಲ್ಲಿ ಇದು ಸಾಮಾನ್ಯ, ವರ್ಷದೊಳಗೆ ಬಹುಪಾಲು ತಾನಾಗಿಯೇ ಸರಿಹೋಗುತ್ತದೆ. ಆಗ ಕಿವಿಯವರೆಗೆ ಗಿಡ್ಡ ಮಾಡಿಸಿಬಿಟ್ಟೆ. ಅತ್ತೆ ಎರಡು ದಿನ ಮಾತಾಡಲಿಲ್ಲ, ಮಗುವಿನ ಮುಷ್ಟಿಗೆ ಎಳೆಯಲು ಏನೂ ಸಿಗದಂತಾಯಿತು.

ಈಗ ಭುಜದವರೆಗೆ ಬಿಟ್ಟಿದ್ದೇನೆ, ಒಣ ಕೂದಲನ್ನೇ ಸುರುಳಿ ಸುರುಳಿಯಾಗಿ ಹಿಡಿದು ಕತ್ತರಿಸುವ ಒಬ್ಬ ಹೆಣ್ಣುಮಗಳು ಸಿಕ್ಕಿದ್ದಾಳೆ. ಅವಳು ಮಣಿಪುರದವಳು, ನನ್ನ ಹರುಕು ಹಿಂದಿಗಿಂತ ನನ್ನ ಮೊಬೈಲಿನಲ್ಲಿರುವ ನನ್ನದೇ ಹಳೆಯ ಫೋಟೋ ಅವಳೊಡನೆ ಹೆಚ್ಚು ಕೆಲಸಕ್ಕೆ ಬರುತ್ತದೆ. ನಟಿಯರ ಫೋಟೋ ತೋರಿಸುವುದಕ್ಕಿಂತ, ನಿಮ್ಮ ಕೂದಲು ಚೆನ್ನಾಗಿ ಕೂತಿದ್ದ ದಿನದ ನಿಮ್ಮದೇ ಫೋಟೋ ತೋರಿಸಿ. ವಾರಕ್ಕೆ ಎಷ್ಟು ಸಲ ಎಣ್ಣೆ ಹಚ್ಚುತ್ತೀರಿ, ಕಟ್ಟುತ್ತೀರೋ ಬಿಡುತ್ತೀರೋ, ಡ್ರೈಯರ್ ಬಳಸುತ್ತೀರೋ ಎಂಬುದನ್ನು ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿ. ಹಲ್ಲುಗಳಿರುವ ತೆಳುಗೊಳಿಸುವ ಕತ್ತರಿಯನ್ನು ಕೈಗೆತ್ತಿಕೊಂಡರೆ ಬೇಡವೆನ್ನಿ, ಅದು ಒಂದೇ ಸುರುಳಿಯೊಳಗೆ ಗಿಡ್ಡ, ಉದ್ದ ಎಳೆಗಳನ್ನು ಬೆರೆಸಿ ಕೂದಲನ್ನು ಕೆದರಿಸುತ್ತದೆ. ಕೂದಲು ಒಣಗಿಹೋಗಿದೆ, ಸ್ಪಾ ಮಾಡಿಸಿ ಎಂಬ ಸಲಹೆ ಬಂದೇ ಬರುತ್ತದೆ, ಮುಂದಿನ ಸಲ ನೋಡೋಣ ಎಂದರೆ ಸಾಕು, ವಾದ ಬೇಡ.

ಸಾಧ್ಯವಾದರೆ ಮಂಗಳವಾರ ಹೋಗಿ. ಅಜ್ಜಿಯಂತೆ ಯೋಚಿಸುವವರು ಇನ್ನೂ ಬೇಕಾದಷ್ಟು ಜನ ಇರುವುದರಿಂದ ಅಂದು ಪಾರ್ಲರ್ ಖಾಲಿ ಇರುತ್ತದೆ, ಗಡಿಬಿಡಿಯಿಲ್ಲದೆ ಒಂದು ಗಂಟೆ ನಿಮಗೇ ಸಿಗುತ್ತದೆ. ಕೈ ಹೊಂದಿಕೆಯಾದವರ ಫೋನ್ ನಂಬರನ್ನು ಅವರನ್ನೇ ಕೇಳಿ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಇವರು ಅಂಗಡಿ ಬದಲಿಸುತ್ತಲೇ ಇರುತ್ತಾರೆ, ನಾನಂತೂ ಅವಳ ಹಿಂದೆಯೇ ಜಯನಗರದಿಂದ ಬನಶಂಕರಿಗೆ ಹೋಗಿದ್ದೇನೆ.