ಓದುಗರ ಪ್ರಶ್ನೆಗಳು: ನಗರದ ನಕ್ಷೆಯಲ್ಲಿ ಬಡವರ ಮನೆ

ನಗರ ವಸತಿ, ಮಹಾಯೋಜನೆ (ಮಾಸ್ಟರ್ ಪ್ಲಾನ್), ಕೊಳೆಗೇರಿ ಘೋಷಣೆ, ತೆರವು ನೋಟಿಸು: ಈ ವಿಷಯಗಳ ಮೇಲೆ ಬಂದ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಊರಿನ ಮಹಾಯೋಜನೆಯ ಕರಡು ಪ್ರಕಟವಾಗಿದೆ. ನಾಲ್ಕು ದಶಕದಿಂದ ಜನ ವಾಸವಿರುವ ನಮ್ಮ ಓಣಿಗೆ ಹಸಿರು ಬಣ್ಣ ಬಳಿದು ಉದ್ಯಾನ ಎಂದು ತೋರಿಸಿದ್ದಾರೆ. ಎಲ್ಲರೂ ಸಹಿ ಹಾಕಿ ಶಾಸಕರಿಗೆ ಮನವಿ ಕೊಟ್ಟರೆ ಸಾಕೇ?
— ಹೆಸರು, ಊರು ಬೇಡ ಎಂದವರು

ಉತ್ತರ: ಸಾಲದು. ಶಾಸಕರಿಗೆ ಬೇಕಾದರೆ ಒಂದು ಪ್ರತಿ ಕೊಡಿ. ಆದರೆ ಕಾನೂನಿನ ಕಣ್ಣಿಗೆ ಬೀಳುವುದು ಯೋಜನಾ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಿದ ಆಕ್ಷೇಪಣೆ ಮಾತ್ರ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 13ನೇ ಪ್ರಕರಣದ ಪ್ರಕಾರ ಕರಡು ಪ್ರಕಟವಾದ ದಿನದಿಂದ 60 ದಿನ ಕಾಲಾವಕಾಶ ಇರುತ್ತದೆ. ಅಷ್ಟರೊಳಗೆ ಬಂದದ್ದನ್ನು ಪ್ರಾಧಿಕಾರ ಪರಿಗಣಿಸಿ, ತನ್ನ ಶಿಫಾರಸಿನೊಂದಿಗೆ ಸರ್ಕಾರಕ್ಕೆ ಕಳಿಸಬೇಕು. 61ನೇ ದಿನ ಕೊಟ್ಟ ಪತ್ರಕ್ಕೆ ಆ ಬಲ ಇಲ್ಲ. ನಿಮಗೆ ಸುದ್ದಿ ತಿಳಿದ ದಿನದಿಂದ ಎಣಿಸಬೇಡಿ, ಅಧಿಸೂಚನೆಯ ದಿನಾಂಕ ನೋಡಿ.

ಮೊದಲು ಪ್ರಾಧಿಕಾರದ ಕಚೇರಿಗೆ ಹೋಗಿ ಮೂರು ವಸ್ತು ಕೇಳಿ: ಈಗಿನ ಭೂಬಳಕೆಯ ನಕ್ಷೆ, ಉದ್ದೇಶಿತ ಭೂಬಳಕೆಯ ನಕ್ಷೆ, ವಲಯ ನಿಯಮಾವಳಿ (ಯಾವ ವಲಯದಲ್ಲಿ ಏನು ಕಟ್ಟಬಹುದು ಎಂಬ ನಿಯಮಗಳು). ಹೆಚ್ಚಿನವರು ಎರಡನೆಯದನ್ನು ಮಾತ್ರ ನೋಡಿ ವಾಪಸು ಬರುತ್ತಾರೆ. ತಪ್ಪಿನ ಬೇರು ಸಾಮಾನ್ಯವಾಗಿ ಮೊದಲನೆಯದರಲ್ಲಿರುತ್ತದೆ. ಸರ್ವೆ ಮಾಡಿದವರು ನಿಮ್ಮ ಓಣಿಯನ್ನು ಖಾಲಿ ಜಾಗವೆಂದು ಗುರುತಿಸಿದ್ದರೆ, ಯೋಜನೆ ಬರೆದವರು ಅಲ್ಲಿ ಉದ್ಯಾನ ಇಟ್ಟದ್ದು ಅವರ ಮಟ್ಟಿಗೆ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ನಿಮ್ಮ ವಾದ 'ಈಗಿನ ಭೂಬಳಕೆಯ ನಕ್ಷೆ ತಪ್ಪು, ಇಲ್ಲಿ ಇಷ್ಟು ಮನೆಗಳಿವೆ' ಎಂಬಲ್ಲಿಂದ ಶುರುವಾಗಬೇಕು.

ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಓಣಿಯ ನಾಲ್ಕೂ ಮೂಲೆಯಲ್ಲಿ ನಿಂತು ನೋಡಿ. ಒಂದೇ ಓಣಿ ಎರಡು ಮೂರು ಸರ್ವೆ ನಂಬರ್‌ಗಳಲ್ಲಿ ಹರಡಿರುವುದು ಅಪರೂಪವಲ್ಲ. ಮೊಬೈಲಿನ ಸ್ಥಳಸೂಚನೆ ಕೆಲವು ಮೀಟರ್ ಆಚೀಚೆ ಆಗುವುದರಿಂದ ಅಂಚಿನ ಮನೆಗಳಿಗೆ ಅದನ್ನೇ ಕಡೇ ಮಾತು ಎಂದುಕೊಳ್ಳಬೇಡಿ. ಗ್ರಾಮನಕ್ಷೆಯ ಪ್ರತಿ ತರಿಸಿ ತಾಳೆ ನೋಡಿ.

ಆಕ್ಷೇಪಣೆ ಒಂದೂವರೆ ಪುಟ ಮೀರದಿರಲಿ. ಅದರಲ್ಲಿ ಇರಬೇಕಾದದ್ದು: ಗ್ರಾಮ, ಹೋಬಳಿ, ಸರ್ವೆ ನಂಬರ್, ಎಕರೆ-ಗುಂಟೆಯಲ್ಲಿ ವಿಸ್ತೀರ್ಣ, ನಕ್ಷೆಯ ಹಾಳೆಯ ಸಂಖ್ಯೆ, ಈಗಿರುವ ಮನೆಗಳ ಸಂಖ್ಯೆ, ಕರಡಿನಲ್ಲಿ ತೋರಿಸಿದ ಬಳಕೆ, ನೀವು ಕೇಳುವ ಬಳಕೆ. ಕೊನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. 'ನಮಗೆ ಅನ್ಯಾಯವಾಗಿದೆ' ಎಂದು ಬರೆದರೆ ಅಧಿಕಾರಿ ಯಾವ ಗೆರೆಯನ್ನು ತಿದ್ದಬೇಕು? 'ಸರ್ವೆ ನಂಬರ್ ಇಂತಿಷ್ಟರ 1 ಎಕರೆ 12 ಗುಂಟೆಯನ್ನು ಉದ್ಯಾನದಿಂದ ವಸತಿ ವಲಯಕ್ಕೆ ಬದಲಿಸಬೇಕು' ಎಂದು ನೇರವಾಗಿ ಬರೆಯಿರಿ. ಜೊತೆಗೆ ಹಳೆಯ ಕರೆಂಟ್ ಬಿಲ್, ಮತದಾರರ ಪಟ್ಟಿಯ ಭಾಗ, ತೆರಿಗೆ ರಸೀದಿ, ಕೊಳೆಗೇರಿ ಅಧಿಸೂಚನೆ ಇದ್ದರೆ ಅದರ ಪ್ರತಿ ಲಗತ್ತಿಸಿ.

ಐನೂರು ಸಹಿಯ ಒಂದು ಪತ್ರ ಕಚೇರಿಯ ವಹಿಯಲ್ಲಿ ಒಂದೇ ಆಕ್ಷೇಪಣೆಯಾಗಿ ದಾಖಲಾಗುವ ಸಂಭವವಿದೆ. ಆದ್ದರಿಂದ ಸಂಘದ ಹೆಸರಿನಲ್ಲಿ ಒಂದು, ಮನೆಮನೆಯಿಂದ ಒಂದೊಂದು ಹೀಗೆ ಸಲ್ಲಿಸಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಇನ್ವರ್ಡ್ ನಂಬರ್ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ.

ಯೋಜನೆ ಅಂತಿಮವಾದ ಮೇಲೂ ಕಣ್ಣು ತೆಗೆಯುವಂತಿಲ್ಲ. ಅದೇ 1961ರ ಅಧಿನಿಯಮದ 14ಎ ಪ್ರಕರಣದಡಿ ಬಿಡಿಬಿಡಿಯಾಗಿ ಭೂಬಳಕೆ ಬದಲಾವಣೆ ನಡೆಯುತ್ತಲೇ ಇರುತ್ತದೆ. ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. ಆ ಪ್ರಕಟಣೆ ಟೆಂಡರ್ ಜಾಹೀರಾತುಗಳ ನಡುವೆ ಸಣ್ಣ ಅಕ್ಷರದಲ್ಲಿ ಬರುತ್ತದೆ. ಸಂಘದಲ್ಲಿ ಒಬ್ಬರಿಗೆ ದಿನವೂ ಅದನ್ನೇ ಹುಡುಕುವ ಕೆಲಸ ಹಚ್ಚಿ.

ಪ್ರಶ್ನೆ: ನಮ್ಮದು 'ಘೋಷಿತ' ಕೊಳೆಗೇರಿ ಎನ್ನುತ್ತಾರೆ. ಆದರೂ ಹಿಂದಿನ ಸಾಲಿನ ಮನೆಗಳಿಗೆ ಯಾವ ಸೌಲಭ್ಯವೂ ಬರುತ್ತಿಲ್ಲ. ಕಾರಣವೇನು? ಘೋಷಣೆಯಾದರೆ ಜಾಗ ನಮ್ಮದಾದಂತೆ ಅಲ್ಲವೇ?
— ಆರ್. ಬಿ., ಹುಬ್ಬಳ್ಳಿ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ: ಅಲ್ಲ. 1973ರ ಕೊಳಚೆ ಪ್ರದೇಶಗಳ ಅಧಿನಿಯಮದ 3ನೇ ಪ್ರಕರಣದ ಘೋಷಣೆ ಎಂದರೆ ಆ ಪ್ರದೇಶ ಕೊಳೆಗೇರಿ ಎಂದು ಸರ್ಕಾರ ಒಪ್ಪಿದೆ, ಅಲ್ಲಿ ಕುಡಿಯುವ ನೀರು, ಚರಂಡಿ, ಮನೆ ಕಾಮಗಾರಿಗೆ ಕೊಳಗೇರಿ ಅಭಿವೃದ್ಧಿ ಮಂಡಳಿ ಹಣ ಹಾಕಬಹುದು ಎಂದಷ್ಟೇ. ಜಮೀನು ಖಾಸಗಿಯವರದಾದರೆ ಭೂಸ್ವಾಧೀನ ಬೇರೆಯೇ ಹೆಜ್ಜೆ; ಅದಕ್ಕೆ 17ನೇ ಪ್ರಕರಣ ಇದೆ. ಹಕ್ಕುಪತ್ರ ಅದಕ್ಕೂ ಮುಂದಿನ ಮಾತು. ರೈಲ್ವೆ, ರಕ್ಷಣಾ ಇಲಾಖೆಯಂಥ ಕೇಂದ್ರದ ಜಮೀನಿನಲ್ಲಿದ್ದರೆ ಕಡತ ಹೆಚ್ಚಾಗಿ ಒಪ್ಪಿಗೆ ಪತ್ರಕ್ಕಾಗಿ ಕಾದು ಅಲ್ಲಿಯೇ ಕೂತಿರುತ್ತದೆ.

ಹಿಂದಿನ ಸಾಲಿನ ಸಮಸ್ಯೆ ಬಹುಪಾಲು ವಿಸ್ತೀರ್ಣದ್ದು. ಅಧಿಸೂಚನೆಯ ಪ್ರತಿ ತರಿಸಿ ಓದಿ. ಒಂದು ಲೆಕ್ಕ ಹಾಕೋಣ: ಅಧಿಸೂಚನೆಯಲ್ಲಿ 20 ಗುಂಟೆ ಎಂದಿದೆ, ಜನ ವಾಸವಿರುವುದು 32 ಗುಂಟೆಯಲ್ಲಿ ಎಂದಿಟ್ಟುಕೊಳ್ಳಿ. ಒಂದು ಗುಂಟೆಗೆ 1,089 ಚದರಡಿ, ಹೊರಗುಳಿದ 12 ಗುಂಟೆಗೆ 13,068 ಚದರಡಿ. ಓಣಿ, ಚರಂಡಿಗೆ ಮೂರರಲ್ಲಿ ಒಂದು ಪಾಲು ಕಳೆದರೂ 300 ಚದರಡಿಯ ಸುಮಾರು 29 ಮನೆಗಳು ಘೋಷಣೆಯ ಆಚೆ ನಿಂತವು. ಎಂಜಿನಿಯರು ಅಲ್ಲಿಗೆ ಪೈಪ್ ಎಳೆದರೆ ಆಡಿಟ್ಟಿನಲ್ಲಿ ಸಿಕ್ಕಿಬೀಳುತ್ತಾನೆ, ಹಾಗಾಗಿ ಎಳೆಯುವುದಿಲ್ಲ. ಎಷ್ಟು ಧರಣಿ ಕೂತರೂ ಈ ಗಂಟು ಬಿಚ್ಚುವುದಿಲ್ಲ.

ಪರಿಹಾರ: ಉಳಿದ 12 ಗುಂಟೆಯನ್ನು ಸೇರಿಸಿ ಹೆಚ್ಚುವರಿ ಘೋಷಣೆ ಕೇಳಿ ಮಂಡಳಿಯ ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರಿಗೆ ಅರ್ಜಿ ಕೊಡಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ. ಮನೆಪಟ್ಟಿ ಮಾಡುವಾಗ ಬಾಡಿಗೆದಾರರನ್ನು ಬಿಡಬೇಡಿ. ಒಂದೇ ಸೂರಿನಡಿ ಮೂರು ಒಲೆ ಇದ್ದರೆ ಮೂರು ಕುಟುಂಬ ಎಂದೇ ಬರೆಸಿ. ಸರ್ವೆ ದಿನ ಕೂಲಿಗೆ ಹೋದವರ ಮನೆಗೆ 'ಬೀಗ' ಎಂದು ಬರೆದುಕೊಂಡು ಹೋಗುತ್ತಾರೆ. ಆ ಒಂದು ಪದದಿಂದ ಮನೆ ತಪ್ಪಿದವರು ಇದ್ದಾರೆ. ಸರ್ವೆ ತಂಡದ ಜೊತೆ ಓಣಿಯ ಇಬ್ಬರು ಹೆಂಗಸರು ಸುತ್ತಲಿ, ಯಾರ ಮನೆಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಸಂಘದ ಅಧ್ಯಕ್ಷರಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ಬಾಡಿಗೆ ಮನೆಯಲ್ಲಿದ್ದೇವೆ, ಸ್ವಂತ ಸೈಟಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಎರಡೂವರೆ ಲಕ್ಷ ಸಿಗುತ್ತದಂತೆ, ಹೌದೇ?
— ಎಸ್. ಎಚ್., ತುಮಕೂರು

ಉತ್ತರ: ನೀವು ಕೇಳಿದ ಮೊತ್ತ ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ: ಕೇಂದ್ರದಿಂದ 1.5 ಲಕ್ಷ, ರಾಜ್ಯದಿಂದ ಕನಿಷ್ಠ 1 ಲಕ್ಷ. 2024ರಲ್ಲಿ ಶುರುವಾದ ನಗರ ಯೋಜನೆಯ ಎರಡನೇ ಹಂತದಲ್ಲಿ ಸೈಟಿಲ್ಲದವರಿಗೆ ಉಳಿದ ದಾರಿ ಮೂರು. ಸರ್ಕಾರ ಅಥವಾ ಸಹಭಾಗಿ ಸಂಸ್ಥೆ ಕಟ್ಟುವ ಸಮುಚ್ಚಯದಲ್ಲಿ ಫ್ಲ್ಯಾಟ್, ಕೈಗೆಟುಕುವ ಬಾಡಿಗೆಯ ವಸತಿ, ಇಲ್ಲವೇ ಗೃಹಸಾಲದ ಬಡ್ಡಿಗೆ ಸಹಾಯಧನ.

ಬಡ್ಡಿ ಸಹಾಯಧನದ ಬಗ್ಗೆ ದಲ್ಲಾಳಿಗಳು ಹೇಳುವುದನ್ನು ನಂಬಬೇಡಿ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಮೊದಲ 8 ಲಕ್ಷಕ್ಕೆ ಮಾತ್ರ ಶೇ 4ರ ಲೆಕ್ಕ. ಗರಿಷ್ಠ 1.80 ಲಕ್ಷವನ್ನು ಐದು ವಾರ್ಷಿಕ ಕಂತಿನಲ್ಲಿ ಸಾಲದ ಖಾತೆಗೇ ಹಾಕುತ್ತಾರೆ, ಕೈಗೆ ಕೊಡುವುದಿಲ್ಲ. ಕುಟುಂಬದ ವಾರ್ಷಿಕ ಆದಾಯ 3 ಲಕ್ಷದವರೆಗೆ ಇದ್ದರೆ ಆರ್ಥಿಕವಾಗಿ ದುರ್ಬಲ ವರ್ಗ, 6 ಲಕ್ಷದವರೆಗೆ ಕಡಿಮೆ ಆದಾಯ, 9 ಲಕ್ಷದವರೆಗೆ ಮಧ್ಯಮ ಆದಾಯ. ದೇಶದ ಯಾವ ಮೂಲೆಯಲ್ಲೂ ಕುಟುಂಬದವರ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷದಲ್ಲಿ ಸರ್ಕಾರಿ ವಸತಿ ಯೋಜನೆಯ ಫಲ ಪಡೆದಿರಬಾರದು. ಅರ್ಜಿ ಹಾಕುವ ಮೊದಲು ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡಿನಲ್ಲಿ ಹೆಸರಿನ ಅಕ್ಷರ ಒಂದೇ ರೀತಿ ಇದೆಯೇ ನೋಡಿ.

ಮುಂದೆ ಸೈಟು ಸಿಕ್ಕಿ ಕಟ್ಟುವ ಹಂತಕ್ಕೆ ಬಂದರೆ ಒಂದು ಎಚ್ಚರಿಕೆ. ಕಂತುಗಳು ಪ್ರತಿ ಹಂತದ ಜಿಯೋಟ್ಯಾಗ್ ಫೋಟೊ (ತೆಗೆದ ಜಾಗದ ಗುರುತು ಇರುವ ಫೋಟೊ) ಮೇಲೆ ನಿಂತಿವೆ. ಕಾಮಗಾರಿ ಆದೇಶ ಬರುವ ಮುಂಚೆ ಪಾಯ ತೆಗೆದರೆ ಖಾಲಿ ಜಾಗದ ಮೊದಲ ಫೋಟೊ ಇಲ್ಲದೆ ಹಣ ಬಿಡುಗಡೆ ತೊಡಕಾಗುತ್ತದೆ.

ಪ್ರಶ್ನೆ: ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಪಕ್ಕದ ನಮ್ಮ ಮನೆಗಳನ್ನು ಮೂರು ದಿನದಲ್ಲಿ ಖಾಲಿ ಮಾಡಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಮೂರು ದಿನದ ನೋಟಿಸು ನಡೆಯುತ್ತದೆಯೇ?
— ಒಬ್ಬ ಓದುಗರು, ಬೆಂಗಳೂರು

ಉತ್ತರ: ಅನಧಿಕೃತ ಕಟ್ಟಡ ಕೆಡವುವ ಬಗ್ಗೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಕೊಟ್ಟ ತೀರ್ಪಿನ ಪ್ರಕಾರ ಕಾರಣ ಕೇಳುವ ನೋಟಿಸಿಗೆ ಉತ್ತರಿಸಲು ಕನಿಷ್ಠ 15 ದಿನ ಕೊಡಬೇಕು. ನೋಟಿಸು ರಿಜಿಸ್ಟರ್ಡ್ ಅಂಚೆಯಲ್ಲಿ ಬರಬೇಕು, ಕಟ್ಟಡಕ್ಕೂ ಅಂಟಿಸಬೇಕು. ಯಾವ ನಿಯಮ ಮುರಿದಿದೆ, ವಿಚಾರಣೆ ಎಂದು, ಯಾರ ಮುಂದೆ ಎಂಬುದು ಅದರಲ್ಲಿರಬೇಕು. ಹಿಂದಿನ ದಿನಾಂಕ ಹಾಕುವ ಚಾಳಿ ತಡೆಯಲು ಜಿಲ್ಲಾಧಿಕಾರಿ ಕಚೇರಿಗೆ ಇ-ಮೇಲ್ ಮಾಹಿತಿಯನ್ನೂ ಕಡ್ಡಾಯ ಮಾಡಿದ್ದಾರೆ. ಅಂತಿಮ ಆದೇಶವಾದ ಮೇಲೆ ಮತ್ತೆ 15 ದಿನ ಬಿಡಬೇಕು.

ಆದರೆ ನಿಮ್ಮ ಕುತ್ತಿಗೆಗೆ ಬರುವುದು ಆ ತೀರ್ಪಿನ ವಿನಾಯಿತಿ. ರಸ್ತೆ, ಫುಟ್‌ಪಾತ್‌ನಂಥ ಸಾರ್ವಜನಿಕ ಸ್ಥಳ, ರೈಲು ಹಳಿಯ ಪಕ್ಕ, ನದಿ ಅಥವಾ ಜಲಮೂಲದ ಅನಧಿಕೃತ ಕಟ್ಟಡಗಳಿಗೆ, ಕೋರ್ಟ್ ಆದೇಶ ಇರುವ ಕಡೆಗೆ ಈ ನಿರ್ದೇಶನ ಅನ್ವಯಿಸುವುದಿಲ್ಲ. ಬಡವರ ಮನೆಗಳಿರುವುದೇ ಇಂಥ ಕಡೆ! ಆದ್ದರಿಂದ ನಿಮ್ಮ ಮನೆ ಕಾಲುವೆಯ ಜಾಗದಲ್ಲೇ ಇದೆಯೋ, ಅದರ ಮೀಸಲು ಅಂಚಿನಲ್ಲಿ (ಕಟ್ಟಡ ಬೇಡವೆಂದು ಕಾಲುವೆಯ ಪಕ್ಕ ಬಿಟ್ಟ ಪಟ್ಟಿಯಲ್ಲಿ) ಇದೆಯೋ ಎಂಬುದೇ ನಿರ್ಣಾಯಕ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ಈ ಅಂಚು ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15. ಭೂಮಾಪನ ಇಲಾಖೆಯಿಂದ ಜಂಟಿ ಸರ್ವೆ ಆಗುವವರೆಗೆ ಕ್ರಮ ನಿಲ್ಲಿಸಿ ಎಂದು ಇಂದೇ ಲಿಖಿತವಾಗಿ ಕೊಡಿ, ಅದೇ ಪ್ರತಿ ಹಿಡಿದು ವಕೀಲರನ್ನು ಕಾಣಿ. ಕಾಸಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ವಿನಾಯಿತಿಗೆ ಸೇರಿದರೂ ನಿಮ್ಮ ಮಾತು ಕೇಳದೆ ಕೆಡವಬಹುದು ಎಂದಲ್ಲ. 1985ರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಫುಟ್‌ಪಾತ್ ವಾಸಿಗಳ ವಿಷಯದಲ್ಲೇ ಜೀವನೋಪಾಯವನ್ನು ಬದುಕುವ ಹಕ್ಕಿನ ಭಾಗವೆಂದು ಕೋರ್ಟ್ ಒಪ್ಪಿದೆ.

ಬದಲಿ ಮನೆ ಕೊಡುತ್ತೇವೆ ಎಂದರೆ ಬಾಯಿಮಾತಿಗೆ ತಲೆಯಾಡಿಸಬೇಡಿ. ಬ್ಲಾಕ್ ಯಾವುದು, ಎಷ್ಟನೇ ಮಹಡಿ, ಕಾರ್ಪೆಟ್ ಏರಿಯಾ ಎಷ್ಟು, ನಡುವಿನ ತಿಂಗಳುಗಳ ಬಾಡಿಗೆ ಯಾರು ಕೊಡುತ್ತಾರೆ, ಎಲ್ಲವನ್ನೂ ಬರೆಸಿಕೊಳ್ಳಿ. ನೆಲಮಹಡಿ ಮತ್ತು ಮೇಲೆ ಮೂರು ಮಹಡಿಯ ಕಟ್ಟಡಕ್ಕೆ ಸಾಮಾನ್ಯವಾಗಿ ಲಿಫ್ಟ್ ಇರುವುದಿಲ್ಲ. ವಯಸ್ಸಾದವರು, ಅಂಗವಿಕಲರು ಇರುವ ಮನೆಗೆ ನೆಲಮಹಡಿ ಬೇಕೆಂದು ಲಾಟರಿಗೆ ಮುಂಚೆಯೇ ಅರ್ಜಿ ಹಾಕಿ, ಲಾಟರಿ ಎತ್ತಿದ ಮೇಲೆ ಅದಲುಬದಲು ಮಾಡಿಸುವುದು ಹರಸಾಹಸ.

ಪ್ರಶ್ನೆ: ನಮ್ಮ ಬಡಾವಣೆಯ ಖಾಲಿ ಜಾಗದಲ್ಲಿ ಬಡವರಿಗೆ 200 ಫ್ಲ್ಯಾಟ್ ಕಟ್ಟುವ ಪ್ರಸ್ತಾವ ಇದೆ. ನಿವಾಸಿಗಳ ಸಂಘ ವಿರೋಧಿಸುತ್ತಿದೆ, ನಾನು ಪರ. ಸಭೆಯಲ್ಲಿ ಏನು ಹೇಳಲಿ?
— ವಿ. ಪಿ., ಬೆಂಗಳೂರು

ಉತ್ತರ: ಏನಾದರೂ ಹೇಳುವ ಮುನ್ನ ಆ ಜಾಗದ ದಾಖಲೆ ನೋಡಿ. ಅದು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಯ ಉದ್ಯಾನ, ಆಟದ ಮೈದಾನ ಅಥವಾ ನಾಗರಿಕ ಸೌಲಭ್ಯದ ನಿವೇಶನವಾಗಿದ್ದರೆ ನಿಮ್ಮ ಸಂಘದವರ ಮಾತೇ ಸರಿ. ಬಿಡಿಎ ಕಾಯ್ದೆಯ 38ಎ ಪ್ರಕರಣ ಅಂಥ ಜಾಗವನ್ನು ಬೇರೆ ಉದ್ದೇಶಕ್ಕೆ ಕೊಡುವುದನ್ನು ತಡೆಯುತ್ತದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕಿಟ್ಟ ಜಾಗವನ್ನು ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ರದ್ದು ಮಾಡಿದ್ದೂ ಇದೇ ನೆಲೆಯಲ್ಲಿ. ಬಡವರ ಹೆಸರಿನಲ್ಲಿ ಉದ್ಯಾನ ನುಂಗುವ ಯೋಜನೆ ಕೋರ್ಟಿನಲ್ಲಿ ಬಿದ್ದರೆ ನಷ್ಟ ಫ್ಲ್ಯಾಟಿಗೆ ಕಾದವರಿಗೇ. ಆಗ ನೀವು ಕೇಳಬೇಕಾದದ್ದು ಪರ್ಯಾಯ ಜಾಗ.

ವಸತಿ ವಲಯದ ಸರ್ಕಾರಿ ಜಾಗವಾಗಿದ್ದರೆ 'ಸೈಟಿನ ಬೆಲೆ ಬೀಳುತ್ತದೆ' ಎಂಬುದು ಯೋಜನಾ ಕಾನೂನಿನಲ್ಲಿ ನಿಲ್ಲುವ ತಕರಾರಲ್ಲ. ನೀರು, ಒಳಚರಂಡಿಯ ಆತಂಕ ನಿಜವಾದದ್ದು, ಅದಕ್ಕೆ ಲೆಕ್ಕ ಒಯ್ಯಿರಿ. 200 ಮನೆ, ಮನೆಗೆ ನಾಲ್ಕೂವರೆ ಜನ ಎಂದರೆ 900 ಮಂದಿ. ತಲಾ ದಿನಕ್ಕೆ 135 ಲೀಟರಿನಂತೆ 1,21,500 ಲೀಟರ್ ನೀರು ಬೇಕು, ಅದರಲ್ಲಿ ಸುಮಾರು ಶೇ 80ರಷ್ಟು, ಎಂದರೆ 97 ಸಾವಿರ ಲೀಟರ್, ಕೊಳಚೆಯಾಗಿ ಹೊರಬರುತ್ತದೆ. ಅಷ್ಟನ್ನು ಈಗಿನ ಪೈಪು ತಡೆಯುತ್ತದೆಯೇ, ಇಲ್ಲದಿದ್ದರೆ ಶುದ್ಧೀಕರಣ ಘಟಕಕ್ಕೆ ಅಂದಾಜುಪಟ್ಟಿಯಲ್ಲಿ ಹಣ ಇಟ್ಟಿದ್ದಾರೆಯೇ ಎಂದು ಜಲಮಂಡಳಿಯಿಂದ ಬರಹದಲ್ಲಿ ಉತ್ತರ ತರಿಸಿ ಸಭೆಯ ಮುಂದಿಡಿ.

ಪ್ರಶ್ನೆ: ಪಟ್ಟಣದ ಫಲಾನುಭವಿಗಳ ಪಟ್ಟಿಯಲ್ಲಿ ಉಳ್ಳವರ ಹೆಸರುಗಳೇ ಇವೆ ಎಂಬ ಗುಮಾನಿ. ನೋಡುವುದು ಹೇಗೆ?
— ಕೆ. ಎಂ., ಗದಗ

ಉತ್ತರ: ಪಟ್ಟಣದಲ್ಲಿ ಆಯ್ಕೆ ಮಾಡುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಹಳ್ಳಿಯಂತೆ ಗ್ರಾಮಸಭೆ ಇಲ್ಲದ್ದರಿಂದ ಹೆಸರುಗಳು ಜನರೆದುರು ಓದಿಸಿಕೊಳ್ಳದೆ ದಾಟಿಬಿಡುತ್ತವೆ. ಮಾಹಿತಿ ಹಕ್ಕು ಕಾಯ್ದೆಯಡಿ ನಗರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿ; ಬಿಪಿಎಲ್ ಕಾರ್ಡ್ ಇದ್ದರೆ ಶುಲ್ಕವಿಲ್ಲ. ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಸಮಿತಿ ಸಭೆಯ ನಡಾವಳಿ ಒಂದರಲ್ಲಿ, ಅರ್ಜಿ ಹಾಕಿದವರ ಮತ್ತು ಆಯ್ಕೆಯಾದವರ ಪಟ್ಟಿ ಇನ್ನೊಂದರಲ್ಲಿ ಕೇಳಿ. 'ಯಾಕೆ ಹೀಗೆ ಮಾಡಿದಿರಿ' ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ವಾಪಸು ಕಳಿಸುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು.