ಜೇನ್ ಏರ್‌ಗೆ ಬಂದ ಚಿಕ್ಕಪ್ಪನ ಹಣ

ಪ್ರಶ್ನೆ: ಷಾರ್ಲೆಟ್ ಬ್ರಾಂಟಿಯ ‘ಜೇನ್ ಏರ್’ ಕಾದಂಬರಿಯನ್ನು (1847) ಸ್ತ್ರೀಸ್ವಾತಂತ್ರ್ಯದ ಕೃತಿಯೆಂದು ಹೊಗಳುತ್ತಾರೆ. ಆದರೆ ನಾಯಕಿ ಸ್ವತಂತ್ರಳಾಗುವುದು ಎಂದೂ ಮುಖ ನೋಡದ ಚಿಕ್ಕಪ್ಪನ ಆಸ್ತಿಯಿಂದ. ಕೊನೆಗೆ ಮದುವೆಯಾಗುವುದೂ ತನ್ನ ಹಳೆಯ ಯಜಮಾನನನ್ನೇ. ಇದೆಂಥ ಸ್ವಾತಂತ್ರ್ಯ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಆಕ್ಷೇಪದ ಮೊದಲರ್ಧವನ್ನು ಒಪ್ಪುತ್ತೇನೆ. ಮಡೀರಾ ದ್ವೀಪದಲ್ಲಿದ್ದ ಚಿಕ್ಕಪ್ಪ ಸಕಾಲದಲ್ಲಿ ತೀರಿಕೊಂಡು 20,000 ಪೌಂಡ್ ಬಿಟ್ಟುಹೋಗುವುದು ಲೇಖಕಿಯ ಅನುಕೂಲಕ್ಕೇ ಸರಿ. ಆದರೆ ಆ ಮೊತ್ತವನ್ನು ಜೇನ್‌ಳ ದುಡಿಮೆಯ ಪಕ್ಕದಲ್ಲಿಟ್ಟು ನೋಡಬೇಕು. ಲೋವುಡ್ ಶಾಲೆಯಲ್ಲಿ ಅವಳ ಸಂಬಳ ವರ್ಷಕ್ಕೆ 15 ಪೌಂಡ್. ನೀವು ಹೇಳುವ ಆ ಯಜಮಾನ, ರಾಚೆಸ್ಟರನ ಮನೆಯಲ್ಲಿ ಹುಡುಗಿಯೊಬ್ಬಳಿಗೆ ಪಾಠ ಹೇಳುವುದಕ್ಕೆ 30. ಅವನಿಗೆ ಹೆಂಡತಿ ಇದ್ದಾಳೆಂದು ತಿಳಿದು ಮನೆ ಬಿಟ್ಟು ಹೊರಟಾಗ ಅವಳ ಬಳಿ ಇದ್ದದ್ದು 20 ಷಿಲಿಂಗ್, ಎಂದರೆ ಒಂದೇ ಪೌಂಡ್. ಅದೂ ಬಂಡಿಯ ಬಾಡಿಗೆಗೆ ಹೋಗಿ, ಗಂಟನ್ನು ಬಂಡಿಯಲ್ಲೇ ಮರೆತು, ಕೊನೆಗೆ ಹಂದಿಗೆ ಸುರಿಯಲಿದ್ದ ತಣ್ಣನೆಯ ಗಂಜಿಯನ್ನು ಬೇಡಿ ತಿನ್ನುತ್ತಾಳೆ.

ಹಣ ಆಕಾಶದಿಂದ ಉದುರಿತೆಂಬ ಮಾತನ್ನು ಮಾತ್ರ ಪೂರ್ತಿ ಒಪ್ಪಲಾರೆ. ಮದುವೆ ನಿಶ್ಚಯವಾದ ಮೇಲೆ ರಾಚೆಸ್ಟರ್ ಅವಳನ್ನು ರೇಷ್ಮೆ ಅಂಗಡಿಗೆ ಕರೆದೊಯ್ದು, ಕಣ್ಣು ಕೋರೈಸುವ ನೇರಳೆ ರೇಷ್ಮೆಯನ್ನೂ ಗುಲಾಬಿ ಸ್ಯಾಟಿನ್ನನ್ನೂ ಆರಿಸುತ್ತಾನೆ. ಅವಳು ಪಟ್ಟುಹಿಡಿದು ಕಪ್ಪು ಸ್ಯಾಟಿನ್ ಮತ್ತು ಬೂದು ಬಣ್ಣದ ರೇಷ್ಮೆಗೆ ಅವನನ್ನು ಒಪ್ಪಿಸುತ್ತಾಳೆ. ಅವನು ಕೊಡಿಸಿದಷ್ಟೂ ಅವಳ ಕೆನ್ನೆ ಅವಮಾನದಿಂದ ಉರಿಯುತ್ತದೆ. ಸ್ವಂತದ್ದೆಂಬ ಪುಡಿಗಾಸಾದರೂ ಇದ್ದರೆ ಇದನ್ನು ಸಹಿಸಬಹುದೆಂದುಕೊಂಡು, ಮನೆ ಮುಟ್ಟಿದೊಡನೆ ಚಿಕ್ಕಪ್ಪನಿಗೆ ಪತ್ರ ಬರೆಯಲು ನಿಶ್ಚಯಿಸುವುದು ಆ ಗಳಿಗೆಯಲ್ಲಿಯೇ. ಆ ಪತ್ರದಿಂದಲೇ ಸುದ್ದಿ ರಾಚೆಸ್ಟರನ ಭಾವಮೈದುನನ ಕಿವಿಗೆ ಬಿದ್ದು, ಅವನು ಚರ್ಚಿಗೆ ಬಂದು ಮದುವೆಯನ್ನು ತಡೆಯುತ್ತಾನೆ. ಕಥೆಯ ಹೆಣಿಗೆಯಲ್ಲಿ ಇದಕ್ಕಿಂತ ಗಟ್ಟಿಯಾದ ಗಂಟು ನನಗೆ ಕಂಡಿಲ್ಲ. ಮುಂದೆ ಹಣ ಕೈಸೇರಿದಾಗ ಅದನ್ನು ನಾಲ್ಕು ಪಾಲು ಮಾಡಿ, ಆಶ್ರಯ ಕೊಟ್ಟ ಮೂವರು ಸೋದರ ಬಂಧುಗಳಿಗೆ ತಲಾ 5,000 ಕೊಟ್ಟು, ಅಷ್ಟನ್ನೇ ತಾನಿಟ್ಟುಕೊಳ್ಳುತ್ತಾಳೆ.

ನಿಮ್ಮ ಎರಡನೆಯ ಆಕ್ಷೇಪ ನೀವು ಅಂದುಕೊಂಡದ್ದಕ್ಕಿಂತ ಹರಿತವಾದದ್ದು. ಹೆಣ್ಣುಮಗಳ ಕೈಯಲ್ಲಿರುವ ನಗದು, ಪ್ರತ್ಯೇಕ ಒಡಂಬಡಿಕೆ ಬರೆಸಿಕೊಂಡಿರದಿದ್ದರೆ, ಮದುವೆಯ ದಿನವೇ ಗಂಡನ ಸೊತ್ತಾಗುತ್ತಿದ್ದ ಕಾಲವದು. ಇಂಗ್ಲೆಂಡಿನಲ್ಲಿ ಇದನ್ನು ತಿದ್ದಿದ್ದು 1870ರ, ಅದಕ್ಕೂ ಮಿಗಿಲಾಗಿ 1882ರ ಕಾಯಿದೆ. ತಾನು ಸ್ವತಂತ್ರಳು, ತನಗೆ ತಾನೇ ಒಡತಿ ಎಂದು, ಮನೆಗೆ ಬಿದ್ದ ಬೆಂಕಿಯಲ್ಲಿ ಹೆಂಡತಿಯನ್ನೂ ಕಣ್ಣನ್ನೂ ಕಳೆದುಕೊಂಡ ರಾಚೆಸ್ಟರನ ಮುಂದೆ ಹೇಳಿದ ಜೇನ್, ಅವನ ಕೈಹಿಡಿದಾಗ ಆ 5,000 ಪೌಂಡ್ ಏನಾಯಿತೆಂದು ಹೇಳುವುದೇ ಇಲ್ಲ. ಆ ಕಾನೂನು ಏನು ಮಾಡಬಲ್ಲದೆಂಬುದು ಅದೇ ಪುಸ್ತಕದಲ್ಲಿದೆ: ರಾಚೆಸ್ಟರನ ಮೊದಲ ಹೆಂಡತಿ ಬರ್ತಾ ತಂದದ್ದು 30,000 ಪೌಂಡ್, ಅವಳಿಗೆ ದಕ್ಕಿದ್ದು ಮೂರನೆಯ ಅಂತಸ್ತಿನಲ್ಲಿ, ಕಿಟಕಿಯಿಲ್ಲದ ಒಂದು ಕೋಣೆ.