ಮುಂಬೈಯಲ್ಲಿ ಬೆಳೆದ ಮಾತ್ರಕ್ಕೆ ಇಂಗ್ಲಿಷ್ ಬರೋದಿಲ್ಲ

ಮುಂಬೈಯ ಕನ್ನಡ ಮಕ್ಕಳಿಗೆ ಸಿಇಟಿಯ, ಅಂದರೆ ಕಾಲೇಜು ಪ್ರವೇಶ ಪರೀಕ್ಷೆಯ, ಇಂಗ್ಲಿಷ್ ಸುಲಭ ಅಲ್ವಾ ಎಂದು ಕೇಳಿದ್ದೀರಿ. ಊರ ಕಡೆ ತುಂಬ ಜನ ಹಾಗೇ ಅಂದುಕೊಂಡಿದ್ದಾರೆ. ಸುಲಭ ಅಲ್ಲ.

ಇಲ್ಲಿ ಬೀದಿಯ ಭಾಷೆ ಇಂಗ್ಲಿಷ್ ಅಲ್ಲವೇ ಅಲ್ಲ. ಮನೆಯಲ್ಲಿ ತುಳು, ಇಲ್ಲವೇ ಕಲಬುರಗಿ, ವಿಜಯಪುರದ ಕಡೆಯ ಕನ್ನಡ. ಲೋಕಲ್ ಟ್ರೈನಿನಲ್ಲಿ ಹಿಂದಿ, ಪಕ್ಕದ ಮನೆಯವರ ಜೊತೆ ಮರಾಠಿ. ಕನ್ನಡ ಮಾಧ್ಯಮದ ಮಕ್ಕಳು ಹತ್ತನೆಯವರೆಗೆ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪುಸ್ತಕಗಳನ್ನೇ ಓದುತ್ತಾರೆ. ಹನ್ನೊಂದಕ್ಕೆ ಕಾಲಿಟ್ಟರೆ ಗಣಿತ, ಅಕೌಂಟ್ಸ್ ಎಲ್ಲವೂ ಇಂಗ್ಲಿಷ್‌ನಲ್ಲಿ. ನಿಮ್ಮ ಪಿಯುಸಿಗೆ ಇಲ್ಲಿ ಜೂನಿಯರ್ ಕಾಲೇಜು ಎನ್ನುತ್ತಾರೆ. ಆ ಎರಡು ವರ್ಷ ಮಕ್ಕಳು ಪಡುವ ಪಾಡು ನೋಡಲಾಗದು.

2024ರಲ್ಲಿ ಬಿಬಿಎ, ಬಿಸಿಎ, ಬಿಎಂಎಸ್ (ಮ್ಯಾನೇಜ್‌ಮೆಂಟ್ ಪದವಿ) ಕೋರ್ಸ್‌ಗಳು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಕೆಳಗೆ ಬಂದವು. ಮಹಾರಾಷ್ಟ್ರದಲ್ಲಿ ಅವಕ್ಕೂ ಸಿಇಟಿ ಶುರುವಾಯಿತು. 90 ನಿಮಿಷ, 100 ಪ್ರಶ್ನೆ. ಅದರಲ್ಲಿ 40 ಇಂಗ್ಲಿಷ್. ನಮ್ಮ ಮಕ್ಕಳು ಜಾಸ್ತಿ ಹೋಗುವುದೇ ಈ ಕೋರ್ಸ್‌ಗಳಿಗೆ. ಹಾಗಾಗಿ ಪೆಟ್ಟು ನೇರವಾಗಿ ಇವರಿಗೇ ಬಿತ್ತು.

ಭಾನುವಾರ ನಾವು ಕೆಲವರು ಸೇರಿ ಇಂಥ ಮಕ್ಕಳಿಗೆ ಪಾಠ ಹೇಳುತ್ತೇವೆ. ಬರುವಾಗ ಕೈಯಲ್ಲಿ ಪದಗಳ ದಪ್ಪ ಪುಸ್ತಕ ಇರುತ್ತದೆ. ಅಬೇಟ್, ಅಬ್‌ಹಾರ್, ಅಬ್‌ಸ್ಟೇನ್ ಎಂದು ಎ ಅಕ್ಷರದಿಂದ ಬಾಯಿಪಾಠ. ಬಿ ಮುಗಿಯುವ ಹೊತ್ತಿಗೆ ಎ ಮರೆತಿರುತ್ತದೆ. ಈ ಪದ್ಧತಿ ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ. ಬುದ್ಧಿವಂತ ಮಕ್ಕಳು ಸುಮ್ನೆ ತಮ್ಮನ್ನು ದಡ್ಡರು ಅಂದುಕೊಳ್ಳುತ್ತಾರೆ.

ಈ ಊರು ಆಗಲೇ ಕಲಿಸಿರುವ ಪದಗಳಿಂದ ನಾವು ಶುರು ಮಾಡುತ್ತೇವೆ. ಮಳೆಗಾಲ ಬಂದರೆ ಇಲ್ಲಿ ಎಲ್ಲರ ಬಾಯಲ್ಲೂ ಮಲೇರಿಯಾ. ಅದು ಇಟಾಲಿಯನ್ ಭಾಷೆಯಿಂದ ಬಂದ ಪದ, ಕೆಟ್ಟ ಗಾಳಿ ಎಂದು ಅರ್ಥ. ಹಿಂದೆ ಆ ಜ್ವರ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ನಂಬಿದ್ದರು. ಅದೇ 'ಮಾಲ್' ಪರೀಕ್ಷೆ ಹಾಲ್‌ನ ಮಾಲ್‌ಪ್ರಾಕ್ಟೀಸ್‌ನಲ್ಲೂ ಇದೆ. ಅಲ್ಲಿಂದ ಕೆಟ್ಟದಾಗಿ ಆಡಿಕೊಳ್ಳುವ ಮಲೈನ್, ಕೇಡು ಬಯಸುವ ಮಲೆವೊಲೆಂಟ್‌ಗೆ ದಾರಿ ತಾನಾಗಿ ತೆರೆಯುತ್ತದೆ. ಇನ್ನು ಇಲ್ಲಿನ ದೊಡ್ಡ ರೈಲು ನಿಲ್ದಾಣ ಸಿಎಸ್‌ಎಂಟಿ. ಅದರ ಕೊನೆಯ ಅಕ್ಷರ 'ಟಿ' ಎಂದರೆ ಟರ್ಮಿನಸ್. ಲ್ಯಾಟಿನ್‌ನಲ್ಲಿ ಗಡಿ, ಕೊನೆ ಎಂದು. ಟರ್ಮಿನೇಟ್ ಅದರಿಂದಲೇ ಹುಟ್ಟಿತು, ಕೊನೆಯೇ ಇಲ್ಲದ ಇಂಟರ್ಮಿನಬಲ್ ಕೂಡ. ಹಳಿ ರಿಪೇರಿಗೆಂದು ಟ್ರೈನ್ ನಿಲ್ಲಿಸುವ ಮೆಗಾ ಬ್ಲಾಕ್ ಇರುವ ಭಾನುವಾರ ಸ್ಟೇಷನ್ನಿನಲ್ಲಿ ಕಾದು ಕಾದು ಪಾಠಕ್ಕೆ ಬಂದ ಹುಡುಗಿಗೆ ಇಂಟರ್ಮಿನಬಲ್ ಎಂದರೇನು ಎಂದು ಮತ್ತೆ ಹೇಳಬೇಕಾಗಿಲ್ಲ. ಆದರೆ ಹೀಗೆ ಊಹಿಸಿದ್ದನ್ನು ನಿಘಂಟಿನಲ್ಲಿ ನೋಡಲೇಬೇಕು. ಮರದ ಸುತ್ತಿಗೆಗೆ ಹೇಳುವ ಮ್ಯಾಲೆಟ್ ಎಂಬ ಪದಕ್ಕೂ ಕೆಟ್ಟದ್ದಕ್ಕೂ ಸಂಬಂಧ ಇಲ್ಲ.

ನಿಜವಾಗಿ ಕಷ್ಟ ಇರೋದು ಬೇರೆ ಕಡೆ. ಥ್ರಿಫ್ಟಿ, ಮೈಸರ್ಲಿ ಎರಡೂ ಕಡಿಮೆ ಖರ್ಚು ಮಾಡುವವರ ಬಗ್ಗೆಯೇ. ಒಂದು ಹೊಗಳಿಕೆ, ಇನ್ನೊಂದು ಬೈಗುಳ. ಪಟ್ಟಿ ನೋಡಿ ಬಾಯಿಪಾಠ ಮಾಡಿದರೆ ಇದು ತಿಳಿಯುವುದಿಲ್ಲ. ವಾಕ್ಯ ಬೇಕು, ಅದೂ ಅವರ ಮನೆಯ ವಾಕ್ಯ. ಊರಿಗೆ ದುಡ್ಡು ಕಳಿಸಬೇಕು ಎಂದು ಬಸ್ ಬಿಟ್ಟು ನಡೆದು ಹೋಗುವ ಅಪ್ಪ ಥ್ರಿಫ್ಟಿ. ದುಡ್ಡಿದ್ದೂ ಮಗಳ ಪುಸ್ತಕಕ್ಕೆ ಕೊಡದವನು ಮೈಸರ್ಲಿ. ಹೀಗೆ ಬರೆಸಿದ ಮೇಲೆ ಮಕ್ಕಳು ಈ ಎರಡನ್ನು ಅದಲುಬದಲು ಮಾಡಿದ್ದನ್ನು ನಾನು ನೋಡಿಲ್ಲ.

ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಬರೆಯುವವರಿಗೆ ಇನ್ನೊಂದು ಮಾತು. ಅಲ್ಲಿ ಸರಿ ಉತ್ತರಕ್ಕೆ 5 ಅಂಕ, ತಪ್ಪಿದರೆ 1 ಕಡಿತ. ಅರ್ಧಂಬರ್ಧ ಗೊತ್ತಿರುವ ಪದಕ್ಕೆ ಧೈರ್ಯ ಮಾಡುವ ಮುಂಚೆ ಎರಡು ಆಯ್ಕೆಯನ್ನಾದರೂ ಹೊಡೆದುಹಾಕಲು ಬರಬೇಕು.

ನಿಮ್ಮ ಅಕ್ಕನ ಮಗಳು ಈ ವರ್ಷ ಹನ್ನೊಂದಕ್ಕೆ ಸೇರುತ್ತಾಳೆ ಎಂದಿರಿ. ಹನ್ನೆರಡರ ಬೋರ್ಡ್ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಅನ್ನಬೇಡಿ ಎಂದು ಅಕ್ಕನಿಗೆ ಹೇಳಿ. ಪರೀಕ್ಷೆಗೂ ಸಿಇಟಿಗೂ ನಡುವೆ ಸಿಗೋದು ಕೆಲವೇ ವಾರ. ಕಾಲೇಜು ಶುರುವಾದ ತಿಂಗಳಿಂದಲೇ ದಿನಕ್ಕೆ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಲಿ, ಗೊತ್ತಿಲ್ಲದ ಮೂರು ಪದ ಬರೆದಿಟ್ಟುಕೊಳ್ಳಲಿ. ಭಾನುವಾರ ನಮ್ಮಲ್ಲಿಗೆ ಕಳಿಸಿ, ಫೀಸ್ ಇಲ್ಲ.